ಗೌಡರ ಮನೆಯ ಗೋಬರ್ ಗ್ಯಾಸ್

ದೇವದುರ್ಗ ತಾಲೂಕಿನ ನಮ್ಮೂರಿಗೆ ಗೋಬರ್ ಗ್ಯಾಸ್ ಬಂದದ್ದು ಎಂಬತ್ತರ ದಶಕದಲ್ಲಿ, ಗೌಡರ ಮನೆಗೆ. ಕೊಟ್ಟಿಗೆ ತುಂಬ ದನ, ಗುಂಡಿ ತೋಡಲು ಜಾಗ, ಸಬ್ಸಿಡಿ ಕಾಗದ ಹಿಡಿದು ಓಡಾಡಲು ಆಳು, ಎಲ್ಲ ಅವರಲ್ಲೇ ಇತ್ತು. ನೀಲಿ ಉರಿ ನೋಡಲು ಊರಿಗೆ ಊರೇ ಹೋಯಿತು. ಅಲ್ಲಿಯವರೆಗೆ ಆ ಕೊಟ್ಟಿಗೆ ಬಳಿದು, ಸಗಣಿ ಹೊತ್ತು ತಂದು ಕುಳ್ಳು ತಟ್ಟುತ್ತಿದ್ದವರು ನಮ್ಮ ಓಣಿಯ ಹೆಂಗಸರು. ಗುಂಡಿ ಬಂದ ಮೇಲೆ ಅವರಿಗೆ ಸಗಣಿ ಸಿಗಲಿಲ್ಲ. ನಮ್ಮವ್ವ ಜಾಲಿ ಕಟ್ಟಿಗೆಗಾಗಿ ಹಳ್ಳ ದಾಟಿ ಹೋಗತೊಡಗಿದಳು. ದೊಡ್ಡ ಮನೆಯ ಹೊಗೆ ಕಡಿಮೆಯಾದದ್ದು ಯಾವುದೋ ವರದಿಯಲ್ಲಿ ಸೇರಿರಬೇಕು. ಅವ್ವ ದಾಟಿದ ಹಳ್ಳ ಸೇರಿರಲಿಕ್ಕಿಲ್ಲ.

ಪಾಯಖಾನೆಯೂ ಮೊದಲು ಅವರಲ್ಲೇ. ಉಳಿದ ಹೆಂಗಸರದು ಚರಿಗೆ ಹಿಡಿದು ರಸ್ತೆ ಬದಿ, ನಸುಕಿನಲ್ಲಿ ಇಲ್ಲವೇ ಕತ್ತಲಾದ ಮೇಲೆ. ಲಾರಿಯ ಬೆಳಕು ಬಿದ್ದರೆ ಎದ್ದು ನಿಲ್ಲಬೇಕು, ಅದು ದಾಟಿದ ಮೇಲೆ ಮತ್ತೆ ಕೂರಬೇಕು. ಹಗಲು ಹೊಟ್ಟೆ ಕೆಟ್ಟರೆ ಉಪವಾಸವೇ ಮದ್ದು.

ಮುಂದೆ ನೌಕರಿಗೆಂದು ಶಿರಸಿಗೆ ಹೋದೆ. ಅಲ್ಲಿ ಅಡಿಕೆ ತೋಟದವರ ಮನೆಗಳಲ್ಲಿ ಗೋಬರ್ ಗ್ಯಾಸ್ ಯಾರೂ ನೋಡಲು ಹೋಗುವ ವಸ್ತುವಾಗಿರಲಿಲ್ಲ. (ಸ್ನಾನದ ನೀರು ಮಾತ್ರ ಬಚ್ಚಲ ಒಲೆಯಲ್ಲಿ ಕಟ್ಟಿಗೆಯಿಂದಲೇ ಕಾಯುತ್ತಿತ್ತು.) ತೋಟದ ಆಳುಗಳ ಬಿಡಾರದಲ್ಲಿ ನಮ್ಮೂರಿನದೇ ಹೊಗೆ. ಇನ್ನು ಪಾಯಖಾನೆಯ ಮಾತಿಗೆ ಬಂದರೆ, 2011ರ ಜನಗಣತಿ ಹೊತ್ತಿಗೂ ಕರ್ನಾಟಕದ ಹಳ್ಳಿಮನೆಗಳಲ್ಲಿ ಶೌಚಾಲಯವಿದ್ದದ್ದು ನೂರಕ್ಕೆ ಸುಮಾರು 28ರಲ್ಲಿ.

ಈಗ ನಮ್ಮ ಚಿಗವ್ವನ ಮನೆಯಲ್ಲಿ ಎರಡೂ ಇವೆ. ಸ್ವಚ್ಛ ಭಾರತದ 12,000 ರೂಪಾಯಿಯಲ್ಲಿ ಕಟ್ಟಿಸಿದ ಶೌಚಾಲಯ, 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯ ಸಿಲಿಂಡರ್. ಶೌಚಾಲಯದ ಬಾಗಿಲು ತೆರೆದರೆ ಸೂರಿನವರೆಗೆ ಒಟ್ಟಿದ ಹತ್ತಿ ಕಟ್ಟಿಗೆ, ಮೂಲೆಯಲ್ಲಿ ಕುಳ್ಳು. ಮಳೆಗೆ ನೆನೆಯಬಾರದಲ್ಲ. ನಳದ ನೀರು ಕುಡಿಯಲಿಕ್ಕೇ ಸಾಲದು, ಒಂದು ಚರಿಗೆಯಲ್ಲಿ ಆಗುವುದಕ್ಕೆ ಕೊಡ ಸುರಿಯುವವರು ಯಾರು? ಗುಂಡಿ ತುಂಬಿದರೆ ಏನು ಮಾಡುವುದೆಂಬ ಹೆದರಿಕೆ ಬೇರೆ. ಸಿಲಿಂಡರ್ ಬಗ್ಗೆ ಕೇಳಿದ್ದಕ್ಕೆ, “ಗ್ಯಾಸು ಚಾ ಕಾಸಾಕ ಇರ್ಲಿ ಯವ್ವಾ. ದಿನಾ ಇಪ್ಪತ್ತು ರೊಟ್ಟಿ ಬಡದ್ರ ಅದು ಎಷ್ಟು ದಿನ ಬರ್ತದ?” ಎಂದಳು. ತುಂಬಿಸಲು ಎರಡು ಮೂರು ದಿನದ ಕೂಲಿಯನ್ನು ಒಮ್ಮೆಗೇ ಎಣಿಸಿಕೊಡಬೇಕು. ಹತ್ತಿ ಕಟ್ಟಿಗೆ ಪುಕ್ಕಟೆ.

ಚಿಗವ್ವ ಒಬ್ಬಳದೇ ಕಥೆಯಲ್ಲ ಇದು. ಉಜ್ವಲಾ ಮನೆಗಳು ಸರಾಸರಿ ವರ್ಷಕ್ಕೆ ಮೂರು ಚಿಲ್ಲರೆ ಸಿಲಿಂಡರ್ ಮಾತ್ರ ತುಂಬಿಸುತ್ತವೆ ಎಂದು ಮಹಾಲೇಖಪಾಲರ 2019ರ ವರದಿಯೇ ಹೇಳಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅಡುಗೆಗೆ ಶುದ್ಧ ಇಂಧನ ಬಳಸುವ ಮನೆಗಳು ದೇಶದ ಪಟ್ಟಣಗಳಲ್ಲಿ ಶೇ. 90ರ ಹತ್ತಿರ, ಹಳ್ಳಿಗಳಲ್ಲಿ ಶೇ. 43.

ಪಂಚಾಯಿತಿಯ ಪಟ್ಟಿಯಲ್ಲಿ ಚಿಗವ್ವನ ಹೆಸರಿನ ಮುಂದೆ ಎರಡು ಸಲ ‘ಇದೆ’ ಎಂದು ಬರೆದಿದೆ. ಮುಂದಿನ ಸಲ ಬರುವವರು ಇದೆಯೋ ಇಲ್ಲವೋ ಎಂದು ಕೇಳುವುದು ಬಿಡಲಿ. ಹೋದ ವರ್ಷ ಎಷ್ಟು ಸಲ ಸಿಲಿಂಡರ್ ತುಂಬಿಸಿದಿರಿ, ನಳ ವಾರಕ್ಕೆ ಎಷ್ಟು ದಿನ ಬರುತ್ತದೆ, ಗುಂಡಿ ತುಂಬಿದರೆ ಯಾರನ್ನು ಕರೆಯುತ್ತೀರಿ ಎಂದು ಕೇಳಲಿ.