ತಲೆಯಿಲ್ಲದ ಈದ್ ಚಿತ್ರ

ನಾವು ನಾಲ್ವರು ಸಹೋದರರು. ಹಿರಿಯರು ಹಾಸನದಲ್ಲಿ ಆಲೂಗಡ್ಡೆ ವ್ಯಾಪಾರದಲ್ಲಿದ್ದಾರೆ. ಒಬ್ಬರು ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಮತ್ತೊಬ್ಬರದು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ. ಕಿರಿಯರು ಹೊಳೆನರಸೀಪುರದ ಹಳೆಯ ಮನೆಯಲ್ಲಿ ಅಮ್ಮೀಯವರೊಂದಿಗಿದ್ದಾರೆ. ಈದ್ ದಿನ ಎಲ್ಲರೂ ಅಲ್ಲಿ ಸೇರುತ್ತೇವೆ.

ಈ ಸಲ ಈದ್ ನಮಾಝ್ ಮುಗಿಸಿ ಬಂದಾಗ ಹಿರಿಯಣ್ಣನ ಮಗ ನಮ್ಮನ್ನು ಅಂಗಳದ ನಾಲ್ಕು ಕುರ್ಚಿಗಳಲ್ಲಿ ಕುಳ್ಳಿರಿಸಿ ಫೋಟೋ ತೆಗೆದನು. ಸಂಜೆ ಅವನು ಮೊಬೈಲಿನಲ್ಲಿ ತೋರಿಸಿದ ಚಿತ್ರದಲ್ಲಿ ನಾಲ್ಕು ಜುಬ್ಬಗಳು ನೆಟ್ಟಗೆ ಕುಳಿತಿದ್ದವು. ಕೈಗಳು ಮೊಣಕಾಲಿನ ಮೇಲಿದ್ದವು. ಕೊರಳಪಟ್ಟಿಯ ಮೇಲೆ ಏನೂ ಇರಲಿಲ್ಲ. ಗೇಣುದ್ದ ಮೇಲೆ ನಾಲ್ಕು ಟೋಪಿಗಳು ಗಾಳಿಯಲ್ಲಿ ತೇಲುತ್ತಿದ್ದವು.

ಕೇಳಿದಾಗ ವಿವರಿಸಿದನು. ಕ್ಯಾಮೆರಾವನ್ನು ಅಲುಗಿಸದೆ ಮೊದಲು ಬರಿಯ ಕುರ್ಚಿಗಳ ಫೋಟೋ, ಬಳಿಕ ನಾವು ಕುಳಿತದ್ದು. ಒಂದರ ಮೇಲೊಂದು ಪದರವಾಗಿಟ್ಟು ಮೇಲಿನ ಪದರದಲ್ಲಿ ಮುಖವಿರುವಷ್ಟು ಜಾಗಕ್ಕೆ ಮಾಸ್ಕ್ ಹಾಕಿದರೆ ಹಿಂದಿನ ಗೋಡೆ ಕಾಣುತ್ತದೆ. ಕೊರಳಪಟ್ಟಿಯ ಒಳಬದಿಯನ್ನು ಬೇರೆಯಾಗಿ ತೆಗೆದು ಜೋಡಿಸಬೇಕು; ಇಲ್ಲವಾದರೆ ಕತ್ತು ಕಡಿದಂತೆ ತೋರುತ್ತದೆ. ಮುಖ ಅಳಿಸಿರುವುದಿಲ್ಲ, ಮರೆಯಾಗಿರುತ್ತದೆ, ಅಷ್ಟೆ. 1990ರಲ್ಲಿ ಫೋಟೋಶಾಪ್ ಬರುವುದಕ್ಕೆ ಬಹಳ ಮುನ್ನವೇ, ಹತ್ತೊಂಬತ್ತನೆಯ ಶತಮಾನದಲ್ಲಿ, ನೆಗೆಟಿವ್‌ಗಳನ್ನು ಜೋಡಿಸಿ ಇಂತಹ ಚಿತ್ರಗಳನ್ನು ಮಾಡುತ್ತಿದ್ದರಂತೆ.

ನಾವು ಗದರಿದೆವು. "ಚಾಚಾ, ತಲೆ ತೆಗೆದ ಮೇಲೆ ದೋಷವೆಲ್ಲಿ?" ಎಂದನು. ಚಿತ್ರವಿದ್ದ ಮನೆಯೊಳಗೆ ಬಾರದ ಜಿಬ್ರೀಲ್(ಅ)ರು, ಅದರ ತಲೆಯನ್ನು ಕತ್ತರಿಸಿದರೆ ಮರದಂತಾಗುವುದೆಂದು ಪ್ರವಾದಿವರ್ಯರಿಗೆ(ಸ) ತಿಳಿಸಿದ ಹದೀಸನ್ನು ನೆನಪಿಸಿದನು. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿರುವ ಆ ಹದೀಸ್ ಅವನಿಗೆ ಗೊತ್ತಿದ್ದುದಕ್ಕೆ ನಮಗೆ ಒಳಗೊಳಗೇ ಸಂತಸವಾಯಿತು, ಸುಳ್ಳೇಕೆ? ಕ್ಯಾಮೆರಾ ಚಿತ್ರದ ವಿಷಯದಲ್ಲಿ ವಿದ್ವಾಂಸರೊಳಗೇ ಭಿನ್ನಾಭಿಪ್ರಾಯವಿದೆ; ಅದನ್ನು ತೀರ್ಮಾನಿಸಲು ನಾವಾರು? ಆದರೆ ಅದೇ ಅಬೂಹುರೈರಾ(ರ)ರಿಂದ, ಜಗಳದಲ್ಲಿಯೂ ಮುಖಕ್ಕೆ ಹೊಡೆಯಬಾರದೆಂಬ ಹದೀಸ್ ಬುಖಾರಿ ಹಾಗೂ ಮುಸ್ಲಿಮ್‌ನಲ್ಲಿ ಬಂದಿದೆ. ಹೊಡೆತದಲ್ಲಿಯೂ ಕಾಪಾಡಬೇಕಾದ ಮುಖವನ್ನು ತಮಾಷೆಗಾಗಿ ಕಳೆಯುವುದೇ ಎಂದು ಕೇಳಿದೆವು. ಇಂದು ತಲೆ ತೆಗೆಯುವ ಕೈ ನಾಳೆ ಯಾರದೋ ದೇಹಕ್ಕೆ ಯಾರದೋ ತಲೆ ಇಟ್ಟು ಮಾನ ಕಳೆದೀತೆಂಬ ಭಯವೂ ನಮಗಿತ್ತು. ಹುಡುಗ ಒಪ್ಪಲಿಲ್ಲ.

ಅಷ್ಟರಲ್ಲಿ ಅಮ್ಮೀಯವರು ಮೊಬೈಲನ್ನು ಕೈಗೆತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು. ಬೈಯುವರೆಂದುಕೊಂಡೆವು. ಅವರು ಬೆರಳಿಟ್ಟು ಒಬ್ಬೊಬ್ಬರನ್ನೇ ಹೆಸರಿಸತೊಡಗಿದರು. ಹೊಗೆಸೊಪ್ಪಿನ ಬ್ಯಾರನ್ನಿನ ಕೊಳವೆ ತಾಗಿ ಸುಟ್ಟ ಕಲೆಯಿಂದ ಒಬ್ಬರನ್ನು, ಕಾಯಿ ಒಡೆಯುವಾಗ ಸೀಳಿದ ಹೆಬ್ಬೆರಳಿನಿಂದ ಇನ್ನೊಬ್ಬರನ್ನು, ಉಂಗುರದಿಂದ ಹಿರಿಯರನ್ನು, ಚಿಕ್ಕಂದಿನಂತೆಯೇ ಮಡಚಿದ ಮುಷ್ಟಿಯಿಂದ ಕಿರಿಯರನ್ನು ಗುರುತಿಸಿದರು.

"ದಾದಿ, ಮುಖವಿಲ್ಲದೆ ಹೇಗೆ ತಿಳಿಯಿತು?"

"ಹೆತ್ತವಳಿಗೆ ಕೈ ಸಾಕು ಬೇಟಾ. ನಿನ್ನ ದಾದಾರದು ಅದೂ ಕಾಣಿಸಲಿಲ್ಲ."

2021ರ ಮೇ ತಿಂಗಳಲ್ಲಿ ಕೊರೋನಾದಿಂದ ಅಬ್ಬಾ ತೀರಿಕೊಂಡಾಗ ಅವರ ದೇಹ ಮುಚ್ಚಿದ ಚೀಲದಲ್ಲಿ ಬಂದಿತ್ತು. ಕೊನೆಯ ಸಲ ಮುಖ ನೋಡುವ ಅವಕಾಶವನ್ನು ನಮಗೆ ಕೊಡಲಿಲ್ಲ. ಖಬರಸ್ಥಾನದಲ್ಲಿ ದೂರ ನಿಂತು ದುಆ ಮಾಡಿದ್ದೆವು. ಆ ದಿನದ ಕುರಿತು ಅಮ್ಮೀ ಅಂದಿನವರೆಗೆ ಒಂದು ಮಾತನ್ನೂ ಆಡಿರಲಿಲ್ಲ.

ಹುಡುಗ ತಲೆತಗ್ಗಿಸಿ ಮೊಬೈಲನ್ನು ಹಿಂದಕ್ಕೆ ಪಡೆದು ಮಾಸ್ಕ್ ತೆಗೆದನು. ನಮ್ಮ ಮುಖಗಳು ಒಂದೊಂದಾಗಿ ಮರಳಿ ಬಂದವು. ಅಮ್ಮೀ ಬಹಳ ಹೊತ್ತು ನೋಡಿದರು. ಬಳಿಕ, ದಾದಾರನ್ನೂ ಹೀಗೆ ತರಬಹುದೇ ಎಂದು ಕೇಳಿದರು.

ಧರ್ಮನಿಷ್ಠೆಯಿಂದ ಅಬ್ಬಾ ಎಂದೂ ಫೋಟೋಗೆ ನಿಂತವರಲ್ಲ. ಇರುವುದು ಮತದಾರರ ಗುರುತಿನ ಚೀಟಿಯಲ್ಲಿನ ಹೆಬ್ಬೆರಳಗಲದ ಮಸುಕು ಚಿತ್ರ ಮಾತ್ರ. ಕಿರಿಯರು ಎದ್ದು ಹೋಗಿ ಪೆಟ್ಟಿಗೆಯಿಂದ ಅದನ್ನು ತಂದರು.