ಚೂರುಗಲ್ಲಿನ ಪಾಠ

ಹೊಸೂರು-ಕೃಷ್ಣಗಿರಿ ಸೀಮೆ ಕಲ್ಲುಗಣಿಗಳ ಸೀಮೆ. ಹೆದ್ದಾರಿಯಲ್ಲಿ ಜಲ್ಲಿ ಹೊತ್ತ ಲಾರಿಗಳಿಗೆ ಬರವಿಲ್ಲ. ಬಹುಕಾಲ ಪಾಠ ಹೇಳಿ ಕೂಡಿಟ್ಟ ಹಣದಿಂದ ಕೊಂಡ ನಮ್ಮ ಕಾರಿಗೆ ಮೊದಲ ತಿಂಗಳಲ್ಲೇ, ಶೂಳಗಿರಿಯ ಬಳಿ, ಚೂರುಗಲ್ಲೊಂದು ಬಡಿಯಿತು. ಸಾಸಿವೆ ಕಾಳಿನಷ್ಟು ಬಣ್ಣ ಹಾರಿತ್ತು. ಇಷ್ಟೇ ತಾನೆ ಎಂದು ಸುಮ್ಮನಾದೆವು. ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ತುಕ್ಕು ಬೇರೂರಿತ್ತು.

ಬಣ್ಣದ ಪದರಗಳೆಲ್ಲ ಕೂಡಿದರೂ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೇ. ಅದು ಕಳಚಿದೆಡೆ ನೀರೂ ಗಾಳಿಯೂ ಉಕ್ಕನ್ನು ಮುಟ್ಟುತ್ತವೆ. ಮುಂಭಾಗಕ್ಕೆ ಅಂಟಿಸುವ ಪಾರದರ್ಶಕ ಹಾಳೆ ಈಗ ದೊರೆಯುವುದುಂಟು; ಅದರ ಬೆಲೆ ಮೇಷ್ಟರ ಜೇಬಿಗೆ ಮೀರಿದ್ದು. ನಮ್ಮಂಥವರಿಗೆ ಉಳಿದ ರಕ್ಷೆ ಅಂತರ ಮತ್ತು ನಿಧಾನ. ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆಂದು ತರಗತಿಯಲ್ಲಿ ಹೇಳಿದವರು ನಾವೇ: ಗಂಟೆಗೆ 60 ಕಿಲೋಮೀಟರಿನ ಬದಲು 80ರಲ್ಲಿ ಓಡಿದರೆ ರಸ್ತೆಯಿಂದ ಪುಟಿದ ಅದೇ ಕಲ್ಲಿನ ಏಟು ಸುಮಾರು 1.8 ಪಟ್ಟಾಗುತ್ತದೆ. ಅಂದು ಆ ಲೆಕ್ಕವನ್ನು ಮರೆತು ಲಾರಿಯ ಬೆನ್ನು ಹತ್ತಿದ್ದೆವು.

ಈಗ ಜಲ್ಲಿಲಾರಿ ಕಂಡರೆ ಹಿಂದೆ ಸರಿಯುತ್ತೇವೆ. ಹೊಸ ಗಾಯ ಕಂಡ ದಿನವೇ ತೊಳೆದು, ಒಣಗಿಸಿ, ಸಣ್ಣ ಕುಂಚದಿಂದ ಬಣ್ಣ ತುಂಬುತ್ತೇವೆ. ಮಕ್ಕಳ ಕಾಗುಣಿತದ ತಪ್ಪನ್ನು ಅಂದಂದೇ ತಿದ್ದಿದ ಕೈಗೆ ಈ ಕೆಲಸ ಹೊಸದೇನಲ್ಲ.