ಮಸ್ಕಿ ಯಾಕೆ ನಲ್ ಆಗಿತ್ತು?

1/4

ಲಿಂಗಸುಗೂರು ಬ್ಯಾಚಿನವರು ಭಾಳ ದಿನದಿಂದ ಕೇಳ್ತಾ ಇದ್ರಿ, "ಒಂದು ಕಮಾಂಡ್ ಹೊಡದ್ರ ಜಾವಾ ಕೋಡ್ ತಾನೇ ತಯಾರಾಗ್ತದಂತಲ್ಲ, ಅದರ ಬಗ್ಗೆ ಬರಿ" ಅಂತ. ಬರೀತೀನಿ, ಆದ್ರ ಟ್ಯುಟೋರಿಯಲ್ ಥರ ಅಲ್ಲ. ಹಂಗ ತಯಾರಾದ ಕೋಡಿನ ದೆಸೆಯಿಂದ ಮುಂಗಾರಿನ ಹೊತ್ತಿನ್ಯಾಗ ನಮ್ಮ ಕಾಕಾನ ಅಂಗಡಿಯ ಹತ್ತಿ ಬೀಜ ಬೇರೆ ಊರಿಗೆ ಹೋಗಿತ್ತು. ಆ ಕತಿ ಜೊತೆಗೇ ಹೇಳ್ತೀನಿ.

ಮೊದಲು ಇದು ಏನು ಅನ್ನೋದು. ಎರಡು ಸಂಸ್ಥೆಯ ಕಂಪ್ಯೂಟರುಗಳು ಮಾತಾಡಬೇಕು ಅಂದ್ರ ಒಂದು ಕರಾರು ಬೇಕು. ನೀನು ನನ್ನನ್ನ ಏನೇನು ಕೇಳಬಹುದು, ಯಾವ ರೂಪದಲ್ಲಿ ಕೇಳಬೇಕು, ನಾನು ಯಾವ ರೂಪದಲ್ಲಿ ಉತ್ತರ ಕೊಡ್ತೀನಿ. ಹಳೇ ಸೋಪ್ ಸರ್ವಿಸುಗಳಲ್ಲಿ ಈ ಕರಾರಿನ ಕಾಗದಕ್ಕೆ ಡಬ್ಲ್ಯುಎಸ್‌ಡಿಎಲ್ ಅಂತ ಹೆಸರು, ಬಾಯಿಮಾತಿನಲ್ಲಿ ವಿಸ್ಡಲ್. ಇದರ 1.1 ಆವೃತ್ತಿ 2001ರ ಮಾರ್ಚಿನಲ್ಲಿ ಬಂತು. ಹಿಂದೆ ಇದ್ದದ್ದು ಐಬಿಎಂ, ಮೈಕ್ರೋಸಾಫ್ಟ್, ಅರಿಬಾ. ಬರೆದ ನಾಲ್ವರಲ್ಲಿ ಒಬ್ಬರು ಸಂಜೀವ ವೀರವರಣ, ಶ್ರೀಲಂಕಾದವರು. ಮುಂದೆ 2005ರಲ್ಲಿ ಡಬ್ಲ್ಯುಎಸ್‌ಒ2 ಅನ್ನೋ ಕಂಪನಿ ಕಟ್ಟಿ ಕೊಲಂಬೋದಲ್ಲಿ ಬೆಳೆಸಿದರು. "ಇಂಥಾವೆಲ್ಲ ಅಮೆರಿಕದವರೇ ಮಾಡಬೇಕು" ಅನ್ನೋ ಸಿಂಧನೂರಿನ ದೋಸ್ತ, ಈ ಸಾಲು ನಿನಗ.

ವಿಸ್ಡಲ್ ಫೈಲು ಎಕ್ಸ್‌ಎಂಎಲ್‌ನಲ್ಲಿ ಇರ್ತದ. ಓದಿದ್ರ ಕಣ್ಣು ಕತ್ತಲಾಗ್ತದ. ಅದಕ್ಕೇ ಟೂಲು. ಜಾವಾದವರಿಗೆ ಡಬ್ಲ್ಯುಎಸ್‌ಇಂಪೋರ್ಟ್, ಡಾಟ್‌ನೆಟ್‌ನವರಿಗೆ ಎಸ್‌ವಿಸಿಯುಟಿಲ್. ಟರ್ಮಿನಲ್‌ನಲ್ಲಿ ಟೂಲಿನ ಹೆಸರು ಬರೆದು, ಮುಂದೆ ವಿಸ್ಡಲ್‌ನ ವಿಳಾಸ ಕೊಟ್ಟು ಎಂಟರ್ ಒತ್ತಿದ್ರ ಸಾಕು. ಕರಾರಿನಲ್ಲಿ "ವ್ಯಾಪಾರಿ" ಅನ್ನೋ ಮಾಹಿತಿಯ ನಮೂನೆ ಇದ್ರ ಒಂದು ಕ್ಲಾಸ್, ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಒಂದು ಇಂಟರ್‌ಫೇಸ್, "ಇಷ್ಟರಲ್ಲಿ ಒಂದು" ಅಂತ ಪಟ್ಟಿ ಇದ್ರ ಅದಕ್ಕ ಒಂದು ಎನಮ್. ನಕ್ಷೆ ನೋಡಿ ಸೆಂಟ್ರಿಂಗ್ ಹೊಡದಂಗ. ಕೈಯಿಂದ ಬರೆದ್ರ ವಾರ ಹಿಡಿಯೋ ಕೆಲಸ, ಚಹಾ ಕುಡಿಯೋದ್ರೊಳಗ ಮುಗೀತದ.

ಎನಮ್ ಅನ್ನೋ ಮಾತು ನೆನಪಿಟ್ಕೊಳ್ರಿ.

2/4

ಸ್ವಲ್ಪ ನಮ್ಮ ಜಿಲ್ಲೆ ಕಡೆ ಬರೋಣ. ನಾವು ಸಣ್ಣವರಿದ್ದಾಗ ರಾಯಚೂರು ಜಿಲ್ಲೆಗೆ ಐದೇ ತಾಲೂಕು: ರಾಯಚೂರು, ಮಾನ್ವಿ, ದೇವದುರ್ಗ, ಲಿಂಗಸುಗೂರು, ಸಿಂಧನೂರು. ಜಿಕೆ ಪುಸ್ತಕದಾಗ ಬಾಯಿಪಾಠ ಮಾಡಿದ್ವಿ. ಸಿಂಧನೂರಿಂದ ಲಿಂಗಸುಗೂರು ಬಸ್ ಹತ್ತಿದ್ರ ನಡುವೆ ಬರೋ ಮಸ್ಕಿಗೆ 2008ರಿಂದ ವಿಧಾನಸಭಾ ಕ್ಷೇತ್ರ ಇತ್ತು, ಆದ್ರ ತಾಲೂಕು ಇರಲಿಲ್ಲ. 2017ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲೂಕುಗಳ ಘೋಷಣೆ ಆದಾಗ ನಮ್ಮ ಜಿಲ್ಲೆಯಿಂದ ಮಸ್ಕಿ, ಸಿರವಾರ ಎರಡೂ ಇದ್ದವು. ಮಸ್ಕಿ ತಾಲೂಕಿಗೆ ಹಳ್ಳಿಗಳು ಒಂದೇ ಕಡೆಯಿಂದ ಬರಲಿಲ್ಲ. ಲಿಂಗಸುಗೂರಿನವು ಬಂದವು, ಮಾನ್ವಿಯವು ಬಂದವು, ಬಳಗಾನೂರಿನಂಥಾ ಸಿಂಧನೂರು ತಾಲೂಕಿನ ಊರುಗಳೂ ಬಂದವು.

ಹೆಸರಿನ ವಿಷಯದಾಗ ನಮ್ಮೂರಿಗೆ ಒಂದು ಜಂಬ ಐತಿ, ಹೇಳ್ದೇ ಇರಾಕ ಆಗಲ್ಲ. 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಾಗ ಒಂದು ಶಾಸನ ನೋಡಿದ. ಅಲ್ಲಿಯವರೆಗೂ ಸಿಕ್ಕ ಶಾಸನಗಳಲ್ಲಿ ರಾಜನಿಗೆ ಬಿರುದು ಮಾತ್ರ ಇದ್ದವು. ಅಶೋಕ ಅನ್ನೋ ಸ್ವಂತ ಹೆಸರು ಸಿಕ್ಕಿದ್ದು ಮಸ್ಕಿಯಲ್ಲಿ. ರಾಜನ ಹೆಸರು ತೋರಿಸಿಕೊಟ್ಟ ಊರು ಒಂದು ಜಾರ್ ಫೈಲಿನೊಳಗ ಹೆಸರಿಲ್ದಂಗ ಕುಂತಿತ್ತು.

3/4

ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡ್ತೀನಿ. ನಮ್ಮ ಗಿರಾಕಿ ಒಂದು ಬೀಜದ ಕಂಪನಿ. ಅಂಗಡಿಯವರು ಆರ್ಡರ್ ಹಾಕಿದ ಕೂಡಲೇ ನಮ್ಮ ಸಾಫ್ಟ್‌ವೇರ್ ಇನ್ನೊಂದು ಸಂಸ್ಥೆಯ ಸರ್ವಿಸಿಗೆ ಲೈಸೆನ್ಸ್ ನಂಬರ್ ಕಳಿಸಿ, ಅಂಗಡಿಯ ಹೆಸರು, ಊರು, ತಾಲೂಕು ತರಿಸಿಕೊಳ್ತದ. ತಾಲೂಕು ಮತ್ತು ಊರು ನೋಡಿ ಗೋದಾಮು ಆರಿಸ್ತದ. ಕಾಕಾನ ಅಂಗಡಿ ಬಳಗಾನೂರು ಕಡೆ. ಅವನಿಗೆ ಸಿಂಧನೂರಿನ ಗೋದಾಮಿಂದ ಮಾಲು ಬರಬೇಕು. ಆ ವರ್ಷ ಮೂರು ಸಲ ಲಿಂಗಸುಗೂರಿಗೆ ಹೋಗಿ ಕುಂತಿತು.

ಫೋನ್ ಮಾಡಿದ. "ಏನವ್ವಾ, ಮಳೆ ಹಿಡದೈತಿ, ರೈತರು ಬಾಗಿಲಿಗೆ ಬಂದು ನಿಂತಾರ. ನಿಮ್ಮ ಕಂಪ್ಯೂಟರಿಗೆ ನಮ್ಮೂರು ಯಾವ ತಾಲೂಕು ಅಂತ ಗೊತ್ತಿಲ್ಲೇನು?"

ಕಾಕಾ ಸಿಟ್ಟಿನಾಗ ಅಂದ ಮಾತು. ಆದ್ರ ಅದೇ ಖರೇ ಆಗಿತ್ತು.

ನಾನು ಸೇರೋಕ್ಕಿಂತ ಮೊದಲೇ ಯಾರೋ ಡಬ್ಲ್ಯುಎಸ್‌ಇಂಪೋರ್ಟ್ ಓಡಿಸಿ, ಬಂದದ್ದನ್ನ ಜಾರ್ ಮಾಡಿ ಪ್ರಾಜೆಕ್ಟಿಗೆ ಹಾಕಿದ್ದರು. ಈ ಟೂಲಿನ ಒಂದು ಗುಣ ಗೊತ್ತಿರಲಿ: ಮೈನಸ್ ಕೀಪ್ ಅಂತ ಕೊಡದೇ ಇದ್ರ ಜಾವಾ ಸೋರ್ಸ್ ಉಳಿಸಲ್ಲ, ಕ್ಲಾಸ್ ಫೈಲ್ ಅಷ್ಟೇ ಬಿಟ್ಟು ಹೋಗ್ತದ. ಹಂಗಾಗಿ ಓದಾಕ ಸೋರ್ಸ್ ಇರಲಿಲ್ಲ. ಯಾವ ವಿಸ್ಡಲ್‌ನಿಂದ ಮಾಡಿದ್ರು ಅನ್ನೋದಕ್ಕ ಆ ಫೈಲೂ ಇರಲಿಲ್ಲ, ಹೊಡೆದ ಕಮಾಂಡೂ ಎಲ್ಲೂ ಬರೆದಿರಲಿಲ್ಲ. ಜಾರ್ ಒಳಗಿನ ಫೈಲುಗಳ ತಾರೀಖು ಮಾತ್ರ ಇತ್ತು: 2016.

ಕ್ಲಾಸ್ ಫೈಲಿನೊಳಗ ಇಣುಕಾಕ ಜಾವಾಪಿ ಅಂತ ಇನ್ನೊಂದು ಕಮಾಂಡ್ ಐತಿ, ಜಾವಾ ಜೊತೆಗೇ ಬರ್ತದ. ತಾಲೂಕಿನ ಎನಮ್ ಮೇಲೆ ಓಡಿಸಿದೆ. ನಮ್ಮ ಜಿಲ್ಲೆಯ ಹೆಸರುಗಳು ಒಂದರ ಕೆಳಗೊಂದು ಬಂದವು. ರಾಯಚೂರು, ಮಾನ್ವಿ, ದೇವದುರ್ಗ, ಲಿಂಗಸುಗೂರು, ಸಿಂಧನೂರು. ಜಿಕೆ ಪುಸ್ತಕದ ಐದೇ ಐದು.

ಆ ಕಡೆಯ ಸಂಸ್ಥೆ ತನ್ನ ಪಟ್ಟಿಗೆ ಮಸ್ಕಿ, ಸಿರವಾರ ಸೇರಿಸಿತ್ತು. ಉತ್ತರದಲ್ಲಿ "ಮಸ್ಕಿ" ಅಂತ ಸರಿಯಾಗೇ ಕಳಿಸ್ತಿತ್ತು. ನಮ್ಮ ಕಡೆಯ ಎನಮ್‌ಗೆ ಆ ಹೆಸರಿನ ಪರಿಚಯ ಇಲ್ಲ. ಪರಿಚಯ ಇಲ್ಲದ ಹೆಸರು ಬಂದ್ರ ಜಾವಾದ ಈ ವ್ಯವಸ್ಥೆ ಕೂಗಲ್ಲ, ಎರರ್ ಕೊಡಲ್ಲ, ಸುಮ್ಮನೆ ಆ ಜಾಗ ಖಾಲಿ ಬಿಡ್ತದ. ನಲ್. ಸ್ಕೀಮಾ ವ್ಯಾಲಿಡೇಶನ್ ಆನ್ ಮಾಡಿದ್ರ ಮಾತ್ರ ತಕರಾರು ತೆಗೀತದ, ಅದನ್ನ ಯಾರೂ ಆನ್ ಮಾಡಿರಲಿಲ್ಲ. ತಾಲೂಕು ಖಾಲಿ ಇರೋ ಆರ್ಡರ್ ಪೆಂಡಿಂಗ್ ಪಟ್ಟಿಗೆ ಬೀಳ್ತಿತ್ತು. ಬೀಜದ ಕಂಪನಿಯ ಆಫೀಸಿನವರು "ಮಸ್ಕಿ ಅಂದ್ರ ಮೊದಲು ಲಿಂಗಸುಗೂರಲ್ವಾ" ಅಂತ ಕೈಯಿಂದ ಲಿಂಗಸುಗೂರು ಆರಿಸಿ ಕಳಿಸ್ತಿದ್ರು. ಅವರು ಹೇಳಿದ್ದೂ ಸುಳ್ಳಲ್ಲ, ಮಸ್ಕಿ ಊರಿಗೆ ಅದು ಸರಿ. ಬಳಗಾನೂರಿಗೆ ಅಲ್ಲ. ಇಷ್ಟು ವರ್ಷ ಹಂಗೇ ನಡೆದಿತ್ತು, ಅಂಗಡಿಯವರು ಬೈಕೊಂತ ಟೆಂಪೋ ಬಾಡಿಗೆ ಕೊಟ್ಟು ತಂದುಕೊಳ್ತಿದ್ರು.

4/4

ಸೀನಿಯರ್ ಒಬ್ಬರು ಅಂದ್ರು, "ಕ್ಲಾಸ್ ಬಿಚ್ಚಿ ಎರಡು ಹೆಸರು ಸೇರಿಸಿಬಿಡು, ಹತ್ತು ನಿಮಿಷದ ಕೆಲಸ." ನಾನು ಒಪ್ಪಲಿಲ್ಲ. ಟೂಲ್ ಬರೆದ ಕೋಡನ್ನ ಕೈಯಿಂದ ತಿದ್ದಿದ್ರ, ನಾಳೆ ಯಾರಾದ್ರೂ ಮತ್ತೆ ಕಮಾಂಡ್ ಓಡಿಸಿದಾಗ ತಿದ್ದಿದ್ದೆಲ್ಲ ಅಳಿಸಿ ಹೋಗ್ತದ. ತಿದ್ದಿದ್ದು ಯಾರಿಗೂ ಗೊತ್ತಾಗೋದೂ ಇಲ್ಲ. ಹೊಸ ವಿಸ್ಡಲ್ ಡೌನ್‌ಲೋಡ್ ಮಾಡಿ ಗಿಟ್‌ಗೆ ಹಾಕಿದೆ, ಅದು ಎಳೆದುಕೊಳ್ಳೋ ಸ್ಕೀಮಾ ಫೈಲುಗಳ ಸಮೇತ. ಕಮಾಂಡನ್ನ ಮೇವನ್ ಬಿಲ್ಡ್‌ನೊಳಗೇ ಸೇರಿಸಿದೆ, ಪ್ರತಿ ಬಿಲ್ಡಿಗೂ ಕೋಡ್ ಹೊಸದಾಗಿ ತಯಾರಾಗಬೇಕು. ಗಿಟ್‌ನಲ್ಲಿ ಕರಾರು ಇರಬೇಕು, ಕಮಾಂಡ್ ಇರಬೇಕು. ತಯಾರಾದ ಕೋಡ್ ಇರೋ ಅವಶ್ಯಕತೆ ಇಲ್ಲ. ಜೊತೆಗೆ ದಿನಾ ರಾತ್ರಿ ಅವರ ವಿಸ್ಡಲ್ ಮತ್ತೆ ತಂದು ನಮ್ಮದರ ಜೊತೆ ಡಿಫ್ ಮಾಡೋ ನಾಲ್ಕು ಸಾಲಿನ ಸ್ಕ್ರಿಪ್ಟ್. ಒಂದು ಅಕ್ಷರ ಬದಲಾದ್ರೂ ಮೇಲ್ ಬರ್ತದ.

ಇಷ್ಟಾದ್ರೂ ನನಗ ಸಮಾಧಾನ ಇಲ್ಲ. ತಾಲೂಕನ್ನ ಎನಮ್ ಮಾಡೋದೇ ಸರಿ ಅಲ್ಲ ಅಂತ ನನ್ನ ವಾದ. ವಾರಕ್ಕೆ ಏಳು ದಿನ, ಅದು ಎನಮ್ ಆಗಲಿ. ಸರ್ಕಾರ ಬಜೆಟ್‌ನಲ್ಲಿ ಬದಲಾಯಿಸಬಹುದಾದದ್ದು ಕೋಡಿನೊಳಗ ಕಲ್ಲಿನ ಶಾಸನ ಆಗಬಾರದು. ಅದು ಸಾದಾ ಸ್ಟ್ರಿಂಗ್ ಆಗಿ ಬರಲಿ, ಪಟ್ಟಿ ಡೇಟಾಬೇಸಿನಲ್ಲಿರಲಿ. ಆ ಸಂಸ್ಥೆಗೆ ಹಂಗಂತ ಪತ್ರ ಬರೆದೀವಿ, ಉತ್ತರ ಇನ್ನೂ ಬಂದಿಲ್ಲ.

"ಈಗ ಸೋಪ್ ಯಾರು ಬಳಸ್ತಾರ ಅಕ್ಕಾ, ಎಲ್ಲಾ ರೆಸ್ಟ್ ಅಲ್ಲಾ" ಅಂತ ಕೇಳೋ ತಮ್ಮಂದಿರಿಗೆ: ರೆಸ್ಟ್‌ನಲ್ಲೂ ಓಪನ್‌ಎಪಿಐ ಅಂತ ಕರಾರು ಐತಿ, ಅದರಿಂದ ಕೋಡ್ ತಯಾರಿಸೋ ಓಪನ್‌ಎಪಿಐ ಜನರೇಟರ್ ಐತಿ, ಅದರಲ್ಲೂ ಎನಮ್ ಐತಿ. ಅದು ತಯಾರಿಸೋ ಜಾವಾ ಕೋಡ್ ಗೊತ್ತಿಲ್ಲದ ಹೆಸರು ಬಂದ್ರ ಸಾಮಾನ್ಯವಾಗಿ ಎರರ್ ಎಸೀತದ. ಅರ್ಧರಾತ್ರಿ ಎಬ್ಬಿಸಿದ್ರೂ ಪರವಾಗಿಲ್ಲ, ನನಗ ಮೌನಕ್ಕಿಂತ ಅದೇ ಇಷ್ಟ.

ಲ್ಯಾಬಿನಲ್ಲಿ ಮಾಡಿ ನೋಡೋರು ಗಮನಿಸ್ರಿ: ಡಬ್ಲ್ಯುಎಸ್‌ಇಂಪೋರ್ಟ್ ಜಾವಾ 6ರಿಂದ 10ರವರೆಗೆ ಮಾತ್ರ ಜೆಡಿಕೆ ಒಳಗ ಇತ್ತು. 2018ರ ಸೆಪ್ಟೆಂಬರಿನಲ್ಲಿ ಜಾವಾ 11 ಬಂದಾಗ ತೆಗೆದುಹಾಕಿದ್ರು. "ಕಮಾಂಡ್ ನಾಟ್ ಫೌಂಡ್" ಅಂತ ಬಂದ್ರ ಗಾಬರಿ ಬೇಡ, ಅಪಾಚೆ ಸಿಎಕ್ಸ್‌ಎಫ್ ಇಳಿಸಿಕೊಂಡು ಅದರ ವಿಸ್ಡಲ್-ಟು-ಜಾವಾ ಓಡಿಸ್ರಿ. ಪೈಥಾನ್ ಬರೋರಿಗೆ ಝೀಪ್ ಸಾಕು, ವಿಸ್ಡಲ್ ಕೊಟ್ರ ಒಳಗ ಏನೇನೈತಿ ಅಂತ ಟರ್ಮಿನಲ್‌ನಲ್ಲೇ ಸಾಲಾಗಿ ತೋರಸ್ತದ. ಮೊದಲು ನೋಡಬೇಕಾದದ್ದು ಎನಮ್‌ಗಳನ್ನ. ನಿಮ್ಮ ಊರು ಅದರಾಗ ಐತೋ ಇಲ್ಲೋ ನೋಡ್ಕೊಳ್ರಿ.

#ಮಸ್ಕಿ #ಸಿಂಧನೂರು #ಲಿಂಗಸುಗೂರು #ಕನ್ನಡದಲ್ಲಿಕೋಡ್